ಗೇಟಿನ ಹೆಸರು

ಎದೆಲ್ಮಿರಾ ಕಾರ್ಕಮೊ ನನ್ನ ಮನೆಯ ಬಾಗಿಲು ತಟ್ಟುವ ಮೊದಲೇ ನಾನು ಅವಳನ್ನು ಪರದೆಯ ಸಂದಿನಿಂದ ನೋಡಿಯಾಗಿತ್ತು. ಬೀದಿಯ ತಿರುವಿನಲ್ಲಿ ಕಾಣಿಸಿಕೊಂಡಾಗಲೇ ನೋಡಿದ್ದೆ. ಗಾಳಿಗೆ ತಲೆ ತಗ್ಗಿಸಿ, ಒಂದು ಕೈಯಲ್ಲಿ ಕೋಟಿನ ಕೊರಳಪಟ್ಟಿ, ಇನ್ನೊಂದರಲ್ಲಿ ಕಂದು ಲಕೋಟೆ ಹಿಡಿದು ಬರುತ್ತಿದ್ದಳು. ನಮ್ಮ ಮನೆಗೇ ಬರುತ್ತಿದ್ದಾಳೆ ಎಂದು ಖಾತ್ರಿಯಾದ ಮೇಲೂ ಅವಳು ಎರಡನೆಯ ಸಲ ತಟ್ಟುವವರೆಗೆ ನಾನು ಕದಲಲಿಲ್ಲ. ಮೂವತ್ತು ವರ್ಷ ಈ ಸದ್ದಿಗಾಗಿ ಕಾಯುತ್ತಿದ್ದೆ ಎಂದರೆ ಸುಳ್ಳಾಗುತ್ತದೆ. ಅದು ಬರದಿರಲಿ ಎಂದು ಕಾಯುತ್ತಿದ್ದೆ.

ಅವಳು ನನ್ನ ಹಳೆಯ ವಿದ್ಯಾರ್ಥಿನಿ. ಮೂರನೆಯ ತರಗತಿಯಲ್ಲಿ ಅವಳ ಕೈ ಹಿಡಿದು ಅಕ್ಷರ ತಿದ್ದಿಸಿದವಳು ನಾನೇ. ಈಗ ಮೀನು ಪ್ಯಾಕ್ ಮಾಡುವ ಕಾರ್ಖಾನೆಯಲ್ಲಿ ಕೆಲಸ, ವಯಸ್ಸು ಮೂವತ್ತೊಂಬತ್ತು. ಒಳಗೆ ಬಂದು ಕೋಟು ಬಿಚ್ಚದೆಯೇ ಕುರ್ಚಿಯ ತುದಿಯಲ್ಲಿ ಕುಳಿತಳು. ನಮ್ಮ ಕಡೆ ಚಹಾದ ಬದಲು ಕುಡಿಯುವ ಮಾಟೆ ಸೊಪ್ಪನ್ನು ಸೋರೆ ಬುರುಡೆಗೆ ಹಾಕಿ, ಬಿಸಿನೀರು ಹೊಯ್ದು ಕೊಟ್ಟೆ. ಒಂದು ಗುಟುಕು ಹೀರಿ ಹಿಂದಕ್ಕೆ ಕೊಟ್ಟಳು. ಲಕೋಟೆಯನ್ನು ಮೇಜಿನ ಮೇಲಿಟ್ಟು ನನ್ನ ಕಡೆಗೆ ಸರಿಸಿದಳು.

ಕಾಗದ ಚಿಲಿಯಿಂದ ಬಂದಿತ್ತು. ಎಪ್ಪತ್ತೆಂಟರ ಡಿಸೆಂಬರಿನಲ್ಲಿ ನಮ್ಮ ಅರ್ಜೆಂಟೀನಾ, ಚಿಲಿ ಎರಡು ದೇಶಗಳೂ ಯುದ್ಧಕ್ಕೆ ನಿಂತಿದ್ದಾಗ ಅವರು ಗಡಿಯುದ್ದಕ್ಕೂ ನೆಲಬಾಂಬು ಹೂತಿದ್ದರು. ಅವನ್ನು ಈಗ ತೆಗೆಯುತ್ತಿದ್ದಾರೆ. ನಮ್ಮ ಊರಿನ ದಕ್ಷಿಣಕ್ಕಿರುವ ಪಟ್ಟಿ ಫೆಬ್ರವರಿಯಲ್ಲಿ ಮುಗಿಯುತ್ತದೆ. ದೊಡ್ಡ ಯಂತ್ರ ಬಂದು ನೆಲವನ್ನು ಮೊಳದಾಳಕ್ಕೆ ಉತ್ತು ಹೋಗುತ್ತದೆ. ರೊಸೆಂದೊ ಕಾರ್ಕಮೊ ಎಂಬಾತನನ್ನು ಗಡಿಯ ಕುರಿ ಎಸ್ಟೇಟುಗಳಲ್ಲಿ ಯಾವುದರ ಗೇಟಿನ ಬಳಿ ಬಿಡಲಾಯಿತು ಎಂದು, ಬಿಟ್ಟವರೋ ಬಲ್ಲವರೋ ಯಾರಾದರೂ ಸಹಿ ಹಾಕಿ ತಿಳಿಸಿದರೆ, ಅಲ್ಲಿ ಯಂತ್ರ ನಿಲ್ಲಿಸಿ ಮನುಷ್ಯರನ್ನು ಇಳಿಸಿ ಕೈಯಿಂದಲೇ ಹುಡುಕಿಸುತ್ತೇವೆ. ಗೊತ್ತಿಲ್ಲದಿದ್ದರೆ ಅರವತ್ತು ಕಿಲೋಮೀಟರ್ ಉದ್ದವನ್ನು ಹಾಗೆ ಹುಡುಕಲು ಸಾಧ್ಯವಿಲ್ಲ, ಕ್ಷಮಿಸಿ ಎಂದು ಬರೆದಿತ್ತು.

ಎದೆಲ್ಮಿರಾ ಹೇಳಿದಳು: "ಯಾರ್ ತಪ್ಪು ಅಂತ ಕೇಳಕ್ ಬಂದಿಲ್ಲ ಟೀಚರ್. ನಮ್ಮಪ್ಪನ್ನ ಎಲ್ಲಿ ಇಳ್ಸಿದ್ರು, ಅಷ್ಟು ಗೊತ್ತಾದ್ರೆ ಸಾಕು. ದೋನ್ ಎವಾರಿಸ್ತೊ ನನಗೆ ಬಾಗ್ಲು ತೆಗೆಯಲ್ಲ. ನೀವ್ ಹೋದ್ರೆ ತೆಗೀತಾರೆ."

ಅವಳಪ್ಪನನ್ನು ಅಂದು ಒಯ್ದವರು ದೋನ್ ಎವಾರಿಸ್ತೊ ಎಂದು ಊರಿಗೆಲ್ಲ ಗೊತ್ತು. ಹೋಗುತ್ತೇನೆ ಎಂದೆ. ಅವಳು ಎದ್ದಳು. ಬಾಗಿಲಲ್ಲಿ ನಿಂತು, ನಾನು ಕಲಿಸಿದ ಹಾಗೆಯೇ, ಥ್ಯಾಂಕ್ಸ್ ಟೀಚರ್ ಎಂದು ಪೂರ್ತಿ ಹೇಳಿ ಹೋದಳು.

ನಮ್ಮ ಪುಂತಾ ಗ್ರೀಸ್ ಎಪ್ಪತ್ತೆಂಟರಲ್ಲಿ ಚಿಕ್ಕ ಊರು. ಕುರಿ ಮಾಂಸದ ಕಾರ್ಖಾನೆ, ಅದರ ಹೊಗೆ, ಸಮುದ್ರ, ಗಾಳಿ. ಕೆಲಸಗಾರರಲ್ಲಿ ಅರ್ಧಕ್ಕಿಂತ ಹೆಚ್ಚು ಜನ ಚಿಲಿಯ ದ್ವೀಪಗಳಿಂದ ಬಂದವರು. ನಾವು ಅವರನ್ನು ಚಿಲೋಟೆಗಳು ಅನ್ನುತ್ತಿದ್ದೆವು, ಒಳ್ಳೆಯ ಅರ್ಥದಲ್ಲೇನೂ ಅಲ್ಲ. ಇಳಿತದ ಹೊತ್ತಿಗೆ ಅವರ ಹೆಂಗಸರು ಬಂಡೆಗಳ ಮೇಲೆ ಬಗ್ಗಿ ಕಪ್ಪೆಚಿಪ್ಪು ಆರಿಸುವುದನ್ನು ನೋಡಿ ನಗುತ್ತಿದ್ದೆವು. ಕುರಿ ತಿನ್ನುವ ನಮಗೆ ಅದೊಂದು ತಮಾಷೆ. ಆ ವರ್ಷ ಮೇ ತಿಂಗಳಲ್ಲಿ, ನಮ್ಮಲ್ಲಿ ಚಳಿ ಶುರುವಾಗುವ ಹೊತ್ತಿಗೆ, ಕಾರ್ಖಾನೆಯಲ್ಲಿ ಮುಷ್ಕರವಾಯಿತು. ಆಗ ನಮ್ಮಲ್ಲಿ ಸೈನ್ಯದ ಆಳ್ವಿಕೆ. ಮುಷ್ಕರ ಮಾಡಿಸಿದ ಇಬ್ಬರು ಹುಡುಗರು ಒಂದು ಬೆಳಿಗ್ಗೆ ಮನೆಯಲ್ಲಿ ಇರಲಿಲ್ಲ. ಆಮೇಲೆ ಎಲ್ಲಿಯೂ ಇರಲಿಲ್ಲ. ಅವರ ತಾಯಂದಿರು ರೊಟ್ಟಿ ಅಂಗಡಿಗೆ ಬಂದರೆ ಮಾತು ನಿಲ್ಲುತ್ತಿತ್ತು. ಜೂನಿನಲ್ಲಿ ನಮ್ಮ ದೇಶ ಫುಟ್‌ಬಾಲ್ ಕಪ್ ಗೆದ್ದಿತು; ಆ ಸಂತೋಷ ಒಂದು ತಿಂಗಳು ಬಂತು. ಆಗಸ್ಟ್ ಹೊತ್ತಿಗೆ ಜನ ಮತ್ತೆ ಒಬ್ಬರ ಮುಖ ಒಬ್ಬರು ನೋಡುತ್ತಿರಲಿಲ್ಲ.

ಆಗ, ನಮ್ಮವೋ ಚಿಲಿಯವೋ ಎಂದು, ಮೂರು ದ್ವೀಪಗಳ ಮಾತು ಬಂತು. ತುತ್ತತುದಿಯ ಕಾಲುವೆಯಲ್ಲಿ ಇರುವ ಆ ದ್ವೀಪಗಳನ್ನು ನಮ್ಮಲ್ಲಿ ಯಾರೂ ನೋಡಿರಲಿಲ್ಲ. ನಾನು ಭೂಗೋಳ ಕಲಿಸುವವಳು, ನನಗೇ ನಕ್ಷೆಯಲ್ಲಿ ಹುಡುಕಬೇಕಾಯಿತು. ಡಿಸೆಂಬರ್ ಬಂದಾಗ ಊರಿನಲ್ಲಿ ಕತ್ತಲೆ ಸಮಿತಿ ಎಂಬುದು ಹುಟ್ಟಿತ್ತು. ಬೆಳಕು ಕಂಡರೆ ಚಿಲಿಯ ಹಡಗುಗಳು ಗುರಿಯಿಡುತ್ತವೆ, ಆದ್ದರಿಂದ ದಿನವೂ ಕತ್ತಲಾದ ಮೇಲೆ ಒಂದು ಬೆಂಕಿಕಡ್ಡಿಯೂ ಕಾಣಬಾರದು. ಒಂದೊಂದು ಬೀದಿಗೆ ಒಬ್ಬ ಸೀಟಿಯವ. ಎಲ್ಲರ ಮೇಲೆ ಔಷಧಿ ಅಂಗಡಿಯ ಎವಾರಿಸ್ತೊ, ಊರೆಲ್ಲ ಗೌರವಕ್ಕೆ ದೋನ್ ಎನ್ನುತ್ತಿದ್ದವರು. ಅವರಿಗೆ ಎಲ್ಲರ ಕಾಯಿಲೆ ಗೊತ್ತಿತ್ತು, ಎಲ್ಲರೂ ಅವರಿಗೆ ಹೆದರುತ್ತಿದ್ದರು, ಯಾರೂ ಅವರನ್ನು ಊಟಕ್ಕೆ ಕರೆಯುತ್ತಿರಲಿಲ್ಲ. ಆ ಒಂದು ತಿಂಗಳು ಎಲ್ಲರೂ ಕರೆದರು. ಮುಷ್ಕರದಲ್ಲಿ ಕಲ್ಲು ಹೊಡೆದವರೂ ಹೊಡೆಸಿಕೊಂಡ ಮ್ಯಾನೇಜರೂ ಒಂದೇ ಕಂಬಳಿಯನ್ನು ಎರಡು ಕಡೆ ಹಿಡಿದು ಶಾಲೆಯ ಕಿಟಕಿ ಮುಚ್ಚಿದ್ದನ್ನು ನಾನು ನೋಡಿದ್ದೇನೆ.

ನಾನು ಸಮಿತಿಯ ಕಾರ್ಯದರ್ಶಿ. ಕಾಲೇಜು ಓದಿದವಳು, ಅಕ್ಷರ ಚೆನ್ನಾಗಿದೆ, ಒಂದು ಮಾತು ಹೆಚ್ಚು ಬರೆಯುವುದಿಲ್ಲ. ಒಂದು ನೀಲಿ ರಟ್ಟಿನ ನೋಟ್‌ಬುಕ್ಕು. ಯಾವ ಮನೆಯ ಕಿಟಕಿಯಲ್ಲಿ ಬೆಳಕು ಕಂಡಿತು ಎಂದು ದಿನವೂ ಬರೆಯುವುದು ನನ್ನ ಕೆಲಸ.

ಆ ತಿಂಗಳ ನಡುವೆ ರೊಸೆಂದೊ ಕಾರ್ಕಮೊನ ಹೆಂಡತಿ ಸುಲೆಮಾ ಚಿಪ್ಪು ಆರಿಸುವಾಗ ಉಬ್ಬರಕ್ಕೆ ಸಿಕ್ಕಿ ಸತ್ತಳು. ಅವನು ಕಾರ್ಖಾನೆಯಲ್ಲಿ ಚರ್ಮ ಸುಲಿಯುವವನು, ಮೆತ್ತಗಿನ ಮನುಷ್ಯ. ಆಕಸ್ಮಿಕವಾಗಿ ಸತ್ತವರ ಆತ್ಮ ಸತ್ತ ಜಾಗದಲ್ಲೇ ನಿಂತಿರುತ್ತದೆ, ಅಲ್ಲಿ ಚಿಕ್ಕ ಗೂಡು ಕಟ್ಟಿ ಒಂಬತ್ತು ರಾತ್ರಿ ದೀಪ ಆರದಂತೆ ನೋಡಿಕೊಳ್ಳಬೇಕು ಎಂಬುದು ಅವರ ನಂಬಿಕೆ. ಅವನು ಮಾಟೆ ಸೊಪ್ಪಿನ ಖಾಲಿ ಡಬ್ಬಿಯನ್ನು ಕತ್ತರಿಸಿ, ಅದಕ್ಕೊಂದು ಬಾಗಿಲು ಮಾಡಿ, ಬಂಡೆಯ ಸಂದಿಯಲ್ಲಿಟ್ಟು ಮೇಣದ ಬತ್ತಿ ಹಚ್ಚಿದ. ನಮ್ಮ ಗಾಳಿಗೆ ಬತ್ತಿ ನಿಲ್ಲುತ್ತದೆಯೇ? ಡಬ್ಬಿಯ ಬಾಗಿಲು ತೆಗೆದು, ಹಚ್ಚಿ, ಮುಚ್ಚಿ, ಮತ್ತೆ ತೆಗೆದು. ಒಂಬತ್ತು ವರ್ಷದ ಮಗಳು ಗಾಳಿಗೆ ಅಡ್ಡವಾಗಿ ಅಪ್ಪನ ಟೋಪಿ ಹಿಡಿದು ನಿಂತಿರುತ್ತಿದ್ದಳು. ಇದೆಲ್ಲ ನನಗೆ ಆಮೇಲೆ ತಿಳಿದದ್ದು. ಆಗ ಕಂಡದ್ದು ಇಷ್ಟೇ: ದಡದಲ್ಲಿ ಒಂದು ಬೆಳಕು ಬರುತ್ತದೆ, ಹೋಗುತ್ತದೆ, ಬರುತ್ತದೆ. ಅದನ್ನು ಊರಿನಲ್ಲಿ ಮೊದಲು ಕಂಡವಳು ನಾನು. ಪರದೆಯ ಸಂದಿನಿಂದ.

ಹಗಲು ಹೊತ್ತಿನಲ್ಲಿ ಮುನ್ನೂರು ಹೆಜ್ಜೆ ನಡೆದು ಹೋಗಿದ್ದರೆ ಡಬ್ಬಿ ಕಾಣುತ್ತಿತ್ತು. ನಾನು ಹೋಗಲಿಲ್ಲ. ನೋಟ್‌ಬುಕ್ಕಿನಲ್ಲಿ ಬರೆದೆ. ನಾಲ್ಕನೆಯ ದಿನ, ಚಿಲಿಯ ಹಡಗಿಗೆ ಸನ್ನೆ ಮಾಡುವ ಗೂಢಚಾರನೆಂದು, ರೊಸೆಂದೊನನ್ನು ಹಿಡಿದು ಕಾರ್ಖಾನೆಯ ಕುರಿ ಸಾಗಿಸುವ ಟ್ರಕ್ಕಿನಲ್ಲಿ ಕೂರಿಸಿದರು. ಡ್ರೈವರು ಬೇಡವೆಂದು ದೋನ್ ಎವಾರಿಸ್ತೊ ತಾವೇ ಓಡಿಸಿಕೊಂಡು ಹೋದರು. ಎರಡು ದಿನದ ನಂತರ ರೋಮಿನಿಂದ ಪೋಪರ ಸಂಧಾನದ ಸುದ್ದಿ ಬಂತು, ಯುದ್ಧ ಆಗಲಿಲ್ಲ. ನಾವು ಕ್ರಿಸ್‌ಮಸ್ಸಿಗೆ ಕುರಿ ಸುಟ್ಟು ತಿಂದೆವು. ಎಂಬತ್ತೆರಡರಲ್ಲಿ ಇಂಗ್ಲಿಷರೊಂದಿಗೆ ಯುದ್ಧ ಬಂದಾಗ ಅದೇ ಸೀಟಿಗಳು, ಅದೇ ಕಂಬಳಿಗಳು. ನೋಟ್‌ಬುಕ್ಕಿನ ರಟ್ಟಿನ ಮೇಲೆ ಚಿಲಿ ಎಂಬುದನ್ನು ಹೊಡೆದು ಇಂಗ್ಲೆಂಡ್ ಎಂದು ಬರೆದವಳೂ ನಾನೇ. ಹಾಳೆಗಳು ಇನ್ನೂ ಉಳಿದಿದ್ದವು.

ಎದೆಲ್ಮಿರಾಗೆ ಮಾತು ಕೊಟ್ಟಂತೆ ನಾನು ಹೋದಾಗ, ಎಂಬತ್ತನಾಲ್ಕು ವರ್ಷದ ದೋನ್ ಎವಾರಿಸ್ತೊ ಸ್ಟೌ ಪಕ್ಕದಲ್ಲಿ ಮೊಣಕಾಲ ಮೇಲೆ ಕಂಬಳಿ ಹಾಕಿಕೊಂಡು ಕುಳಿತಿದ್ದರು. ಮೈಯಲ್ಲಿ ಮಾಂಸ ಇರಲಿಲ್ಲ. ಸೊಸೆ ಒಳಗಿನಿಂದಲೇ ದೂರಿದಳು: ವರ್ಷದಿಂದ ಸರಿಯಾಗಿ ಉಣ್ಣುವುದಿಲ್ಲ, ನಿದ್ದೆ ಮಾಡುವುದಿಲ್ಲ, ಕಿಟಕಿ ಎಲ್ಲ ಮುಚ್ಚಿಸುತ್ತಾರೆ.

ನನ್ನನ್ನು ಕಂಡು ಅವರ ಮುಖ ಅರಳಿತು. ಊರಿಗೆಲ್ಲ ನಾನು ಟೀಚರ್; ಮತಿಲ್ದೆ ಎಂದು ಹೆಸರು ಹಿಡಿದು ಕರೆಯುವವರು ಅವರೊಬ್ಬರೇ. "ಫಲಕದ ಮೇಲೆ ಏನ್ ಬರೀತೀಯಾ ಅಂತ ಕೇಳಕ್ ಬಂದ್ಯಾ? ಜಾಸ್ತಿ ಹೊಗಳ್ಬೇಡ, ಮತಿಲ್ದೆ. ಬದುಕಿರೋರನ್ನ ಜಾಸ್ತಿ ಹೊಗಳಿದ್ರೆ ಬೇಗ ಹೋಗ್ತಾರೆ."

ಆ ಡಿಸೆಂಬರಿಗೆ ಮೂವತ್ತು ವರ್ಷ ತುಂಬುತ್ತಿತ್ತು. ಪುರಸಭೆ ಅವರಿಗೆ ಹಿತ್ತಾಳೆಯ ಫಲಕ ಕೊಡಲಿತ್ತು, ಅದರ ಮೇಲಿನ ನಾಲ್ಕು ಸಾಲು ಬರೆಯಲು ಮೇಯರ್ ನನಗೇ ಹೇಳಿದ್ದ. ಅದಲ್ಲ ಎಂದೆ. ಕಾರ್ಕಮೊನ ಮಗಳ ಕಾಗದದ ವಿಷಯ ಹೇಳಿದೆ. ನಾನು ಕೈಚೀಲದ ಹಿಡಿಯನ್ನು ತಿರುವುತ್ತ, ಇವರು ಬೈದು ಕಳಿಸಲಿ, ನಾನು ಹೋಗಿ ಅವಳಿಗೆ ಹಾಗೆಂದು ಹೇಳಿಬಿಡಬಹುದು ಎಂದುಕೊಳ್ಳುತ್ತಿದ್ದೆ.

ಅವರು ಬೈಯಲಿಲ್ಲ. ಅಳತೊಡಗಿದರು. ಸದ್ದಿಲ್ಲದೆ, ಮೂಗು ಒರೆಸಿಕೊಳ್ಳದೆ. ಆಮೇಲೆ ಎಲ್ಲವನ್ನೂ ಹೇಳಿದರು. ಆ ಬೆಳಕು ಮೇಣದ ಬತ್ತಿಯದು ಎಂದು ಅವರಿಗೆ ಹಿಡಿದ ದಿನವೇ ಗೊತ್ತಾಗಿತ್ತು. ಡಬ್ಬಿಯನ್ನು ಅವರೇ ಹೋಗಿ ನೋಡಿದ್ದರು. ಹತ್ತಿರದಲ್ಲಿ ಚಿಲಿಯ ಹಡಗು ಇಲ್ಲ ಎಂದೂ ಗೊತ್ತಿತ್ತು. ಮೇಲಿನವರನ್ನು ಫೋನಿನಲ್ಲಿ ಕೇಳಿದ್ದರು. ಆದರೆ ಆಗಲೇ ಇಡೀ ಊರು ಅಂಗಡಿಯ ಮುಂದೆ ನಿಂತು ಗೂಢಚಾರ ಸಿಕ್ಕ ಎಂದು ಒಬ್ಬರನ್ನೊಬ್ಬರು ಅಪ್ಪಿಕೊಳ್ಳುತ್ತಿತ್ತು. ಕಾಣೆಯಾದ ಹುಡುಗರ ತಾಯಿಯೊಬ್ಬಳು ಕೂಡ ಬಂದು ಅವರ ಕೈ ಹಿಡಿದಿದ್ದಳು. ಇದು ಮೇಣದ ಬತ್ತಿ, ಮನೆಗೆ ಹೋಗಿ ಎಂದು ಅವರಿಗೆ ಹೇಳಲು ಬಾಯಿ ಬರಲಿಲ್ಲ. ಹೇಳಿದರೆ ಮರುದಿನ ಅವರೆಲ್ಲ ಮತ್ತೆ ಕಾರ್ಖಾನೆಯ ಮಾತು ತೆಗೆಯುತ್ತಾರೆ, ಹುಡುಗರ ಮಾತು ತೆಗೆಯುತ್ತಾರೆ. ರಸ್ತೆಯ ಗಡಿಠಾಣೆಗೆ ಒಯ್ದರೆ ಅಲ್ಲಿ ಕಾರಣ ಬರೆಸಬೇಕು. ಆದ್ದರಿಂದ ಅವನನ್ನು ಯಾವುದೋ ಕುರಿ ಎಸ್ಟೇಟಿನ ಗೇಟಿನ ಬಳಿ ಇಳಿಸಿ, ನಿನ್ನ ದೇಶ ಅಗೋ ಅಲ್ಲಿ, ನಡಿ ಎಂದರು. ಅವನು ಮಗಳು ಒಬ್ಬಳೇ ಇದ್ದಾಳೆ ಎಂದ. ನಡಿ ಎಂದರು.

"ಟ್ರಕ್ ತಿರುಗಿಸ್ತಾ ಇದ್ದೆ. ಒಂದು ಸದ್ದು ಕೇಳಿಸ್ತು. ಕಿಟಕಿ ಗಾಜು ಏರಿಸ್ಕೊಂಡೆ, ಮತಿಲ್ದೆ. ಅಷ್ಟೇ ನಾನ್ ಮಾಡಿದ್ದು. ಗಾಜು ಏರಿಸ್ಕೊಂಡೆ."

ಗೇಟಿನ ಹೆಸರು ಬರೆದು ಒಂದು ಸಹಿ ಹಾಕಿ ಎಂದೆ. ಅವರು ತಲೆಯಾಡಿಸಿದರು. ಹಾಗೆ ಗುಟ್ಟಾಗಿ ಬೇಡ, ಸಮಾರಂಭದ ದಿನ ಎಲ್ಲರ ಎದುರು ಹೇಳುತ್ತೇನೆ, ಫಲಕ ನನಗೆ ಬೇಡ, ಉಗುಳುವವರು ಉಗುಳಲಿ ಎಂದರು. ಅವಳನ್ನೂ ಕರೆದುಕೊಂಡು ಬಾ ಎಂದರು.

ಎದೆಲ್ಮಿರಾಗೆ ಇದನ್ನು ತಿಳಿಸಿದೆ. ಟೋಪಿಯ ವಿಷಯವನ್ನು ಅವಳು ನನಗೆ ಹೇಳಿದ್ದು ಆಗ. ಬತ್ತಿಗೆ ಟೋಪಿ ಅಡ್ಡ ಹಿಡಿಯುತ್ತಿದ್ದೆ, ಕೈ ಸೋತು ಅಲ್ಲಾಡುತ್ತಿತ್ತು, ಅದಕ್ಕೇ ಮಿಣುಕಿದಂತೆ ಕಂಡಿರಬೇಕು ಎಂದಳು. ಮೂವತ್ತು ವರ್ಷ ಅದನ್ನೇ ಲೆಕ್ಕ ಹಾಕುತ್ತಿದ್ದಳು ಅವಳು. ನಾನು ಆಗಲೇ ಹೇಳಬಹುದಿತ್ತು, ಕಂಡವಳು ನಾನು, ಬರೆದವಳು ನಾನು ಎಂದು. ನಾನು ಮಾಟೆ ಬುರುಡೆಗೆ ನೀರು ಹಾಕಿದೆ.

ಶಾಲೆಯ ಸಭಾಂಗಣದಲ್ಲಿ ಮಧ್ಯಾಹ್ನ ಹನ್ನೆರಡಕ್ಕೆ ಸಮಾರಂಭ. ಮಕ್ಕಳು ಬಾವುಟ ಹಿಡಿದಿದ್ದರು, ಬ್ಯಾಂಡಿನವರು ಬಂದಿದ್ದರು. ಮುನ್ನೂರು ಜನ ಇದ್ದಿರಬಹುದು. ನಾವಿಬ್ಬರೂ ಹಿಂದಿನ ಸಾಲಿನಲ್ಲಿ ಕುಳಿತೆವು. ಎದೆಲ್ಮಿರಾ ಕಾರ್ಖಾನೆಯ ವಾಸನೆ ಹೋಗಲಿ ಎಂದು ನಿಂಬೆಯಿಂದ ಕೈ ಉಜ್ಜಿಕೊಂಡು ಬಂದಿದ್ದಳು. ಪಕ್ಕದಲ್ಲಿ ಕುಳಿತ ನನಗೆ ಅದೇ ವಾಸನೆ. ಅವಳ ತೊಡೆಯ ಮೇಲೆ ಕಂದು ಲಕೋಟೆ, ಒಂದು ಪೆನ್ನು.

ದೋನ್ ಎವಾರಿಸ್ತೊ ಕುರ್ಚಿ ಬೇಡವೆಂದು ನಿಂತೇ ಮಾತಾಡಿದರು. ನನಗೆ ಹೇಳಿದ್ದನ್ನೇ ಹೇಳಿದರು, ಒಂದು ಮಾತೂ ಬಿಡಲಿಲ್ಲ. ಬತ್ತಿ, ಡಬ್ಬಿ, ಫೋನು, ಅಂಗಡಿಯ ಮುಂದಿನ ಜನ, ಟ್ರಕ್ಕು, ಗೇಟು, ಗಾಜು. ಗೇಟಿನ ಹೆಸರು ಮಾತ್ರ ಇನ್ನೂ ಬಂದಿರಲಿಲ್ಲ. ಆ ಮನುಷ್ಯನನ್ನು ಕೊಂದವನು ನಾನು ಎಂದರು. ನಿಮಗೆ ಆಗ ಒಬ್ಬ ಶತ್ರು ಬೇಕಾಗಿತ್ತು, ನಾನು ತಂದುಕೊಟ್ಟೆ, ನನಗೂ ನಿಮ್ಮ ಮನೆಯ ಊಟ ಬೇಕಾಗಿತ್ತು ಎಂದರು. ಅವರು ಮುಗಿಸಿದಾಗ ಸಭಾಂಗಣದ ತಗಡಿನ ಮೇಲೆ ಗಾಳಿಯ ಸದ್ದು ಮಾತ್ರ ಇತ್ತು. ಎದೆಲ್ಮಿರಾ ನನ್ನ ತೋಳು ಹಿಡಿದುಕೊಂಡಳು. ಈಗ ಏನೋ ಒಂದು ಆಗುತ್ತದೆ ಎಂದು ನಾನು ನಂಬಿದೆ. ನಿಜವಾಗಿ ನಂಬಿದೆ.

ಮೊದಲು ಎದ್ದದ್ದು ಮೇಯರ್. ಲಿಸಾಂದ್ರೊ, ಅವನೂ ನನ್ನ ವಿದ್ಯಾರ್ಥಿಯೇ. ಕೂಡುವ ಲೆಕ್ಕ ಬಿಟ್ಟರೆ ಯಾವುದೂ ಬರುತ್ತಿರಲಿಲ್ಲ. ವೇದಿಕೆಯ ಮೇಲೆ ಹೋಗಿ ಮುದುಕನನ್ನು ಅಪ್ಪಿಕೊಂಡ. ಅವನ ಕಣ್ಣಲ್ಲಿ ನಿಜವಾದ ನೀರಿತ್ತು. ಮೈಕಿಗೆ ಬಾಯಿ ಕೊಟ್ಟು ಹೇಳಿದ:

"ದೋನ್ ಎವಾರಿಸ್ತೊ, ನೀವ್ಯಾಕೆ ಇಷ್ಟು ನೊಂದ್ಕೋತೀರಿ? ಆ ಬಡಪಾಯಿನ ಕೊಂದಿದ್ದು ನೀವಲ್ಲ. ಕೊಂದಿದ್ದು ಅವರ ಬಾಂಬು. ಅವರ ಮನುಷ್ಯನ್ನೇ ಕೊಲ್ಲೋ ಬಾಂಬು ಹೂತಿಟ್ಟೋರು ಅವ್ರು."

ಒಬ್ಬ ಹೆಂಗಸು ಚಪ್ಪಾಳೆ ತಟ್ಟಿದಳು. ಆಮೇಲೆ ಸಾಲು ಸಾಲಾಗಿ ಎಲ್ಲರೂ. ಕುರ್ಚಿಗಳು ಹಿಂದಕ್ಕೆ ಸರಿದ ಸದ್ದಾಯಿತು, ಇಡೀ ಸಭೆ ಎದ್ದು ನಿಂತಿತು. ಮೂವತ್ತು ವರ್ಷ ಇದನ್ನು ಒಬ್ಬರೇ ಹೊತ್ತರಲ್ಲ ಎಂದು ನನ್ನ ಮುಂದಿನ ಸಾಲಿನವಳು ಕರ್ಚೀಫು ತೆಗೆದಳು. ಫಲಕ ಕೊಟ್ಟರು. ನಾನು ಬರೆದ ನಾಲ್ಕು ಸಾಲನ್ನು ಓದಿದರು: ಕತ್ತಲೆಯ ದಿನಗಳಲ್ಲಿ ಊರನ್ನು ಕಾಯ್ದ ಎಚ್ಚರದ ಕಣ್ಣಿಗೆ. ಬ್ಯಾಂಡು ಬಾರಿಸಿತು. ದೋನ್ ಎವಾರಿಸ್ತೊ ಮೊದಲು ದಿಕ್ಕು ತಪ್ಪಿದವರಂತೆ ನೋಡಿದರು. ಫಲಕವನ್ನು ಒಂದೆರಡು ಸಲ ಹಿಂದಕ್ಕೆ ತಳ್ಳಿದರು. ಜನ ಹತ್ತಿರ ಬಂದು ಕೈ ಕುಲುಕುತ್ತ ಹೋದ ಹಾಗೆ ಅವರ ಬೆನ್ನು ಸ್ವಲ್ಪ ಸ್ವಲ್ಪವೇ ನೆಟ್ಟಗಾಯಿತು. ಅದನ್ನು ನಾನು ಕಣ್ಣಾರೆ ನೋಡಿದೆ. ಯಾರೂ ಹಿಂದಿನ ಸಾಲಿನ ಕಡೆಗೆ ತಿರುಗಲಿಲ್ಲ. ತಿರುಗಿದ್ದರೆ ಅಲ್ಲಿ ಇಬ್ಬರು ಕುಳಿತೇ ಇರುವುದು ಕಾಣುತ್ತಿತ್ತು.

ಮೂರು ದಿನ ಬಿಟ್ಟು ನಾವಿಬ್ಬರೂ ಅವರ ಮನೆಗೆ ಹೋದೆವು. ಈ ಸಲ ಅವಳಿಗೂ ಬಾಗಿಲು ತೆರೆಯಿತು. ಪರದೆಗಳೆಲ್ಲ ಸರಿದಿದ್ದವು, ಮನೆಯೊಳಗೆ ಬಿಸಿಲು. ದೋನ್ ಎವಾರಿಸ್ತೊ ಹುರಿದ ಕುರಿಯ ಪಕ್ಕೆಲುಬು ತಿನ್ನುತ್ತಿದ್ದರು. ರಾತ್ರಿ ಎಂಟು ಗಂಟೆ ನಿದ್ದೆ ಮಾಡುತ್ತಾರೆ ಈಗ ಎಂದು ಸೊಸೆ ಖುಷಿಯಿಂದ ಹೇಳಿದಳು. ಫಲಕ ಸ್ಟೌವಿನ ಮೇಲಿನ ಗೋಡೆಯಲ್ಲಿತ್ತು.

ಅವರು ಎದೆಲ್ಮಿರಾಳ ಕೈ ಹಿಡಿದು, ಮಗಳೇ, ನನ್ನನ್ನು ಕ್ಷಮಿಸು ಎಂದರು. ಅವಳು ಕೈ ಬಿಡಿಸಿಕೊಂಡಳು. ಲಕೋಟೆಯಿಂದ ಕಾಗದ ತೆಗೆದು ತಟ್ಟೆಯ ಪಕ್ಕದಲ್ಲಿಟ್ಟು, ಯಾವ ಗೇಟು ಎಂದು ಕೇಳಿದಳು. ಅವರು ಕೈ ಒರೆಸಿಕೊಂಡು ಕನ್ನಡಕ ಹಾಕಿಕೊಂಡರು. ಓದಿದರು. ಮೇಲಿದ್ದ ಮುದ್ರೆಯ ಮೇಲೆ ಅವರ ಬೆರಳು ನಿಂತಿತು.

"ಇದು ಚಿಲಿ ಸರ್ಕಾರದ್ದು."

ಬಾಂಬು ತೆಗೆಯುವವರು ಅವರೇ ಅಲ್ಲವೇ ಎಂದೆ ನಾನು.

"ಅವ್ರ ಕೈಗೆ ನನ್ನ ಸಹಿ ಕೊಡ್ಲಾ? ನಾಳೆ ಅವ್ರು ಅದನ್ನ ಪೇಪರ್‌ನಲ್ಲಿ ಹಾಕ್ತಾರೆ. ನೋಡಿ, ಅರ್ಜೆಂಟೀನಾದವ್ರು ಹೀಗೆ ಮಾಡಿದ್ರು ಅಂತಾರೆ. ನಮ್ಮ ಜನದ ಮುಂದೆ ನಾನ್ ಎಲ್ಲಾ ಹೇಳ್ದೆ. ಅದು ನಮ್ಮ ಮನೆ ಮಾತು. ಗಡಿ ದಾಟ್ಬಾರ್ದು."

"ಅವರಿಗ್ ಬೇಡ," ಎಂದಳು ಎದೆಲ್ಮಿರಾ. "ನನಗ್ ಹೇಳಿ. ನನ್ನ ಕಿವೀಲಿ ಹೇಳಿ."

ಅವರು ಅವಳನ್ನು ಮರುಕದಿಂದ ನೋಡಿದರು. ಆ ಮರುಕ ನಟನೆಯಲ್ಲ. "ನೀನ್ ಅವರಿಗ್ ಹೇಳ್ತೀಯಲ್ಲಮ್ಮ," ಎಂದರು. "ನೀನೂ ಅವರೋಳೇ ಅಲ್ವಾ."

ಅವಳು ಹುಟ್ಟಿದ್ದು ಪುಂತಾ ಗ್ರೀಸಿನಲ್ಲಿ. ಅವಳಿಗೆ ರಾಷ್ಟ್ರಗೀತೆ ಕಲಿಸಿದವಳು ನಾನು. ಎದೆಲ್ಮಿರಾ ಕಾಗದವನ್ನು ಮಡಿಸಿ, ಅದರ ಅಂಚಿಗೆ ತಗುಲಿದ ಕೊಬ್ಬನ್ನು ಕೋಟಿನ ತೋಳಿಗೆ ಒರೆಸಿ, ಲಕೋಟೆಗೆ ಹಾಕಿಕೊಂಡಳು. ಆಮೇಲೆ ನಾನು ಮೇಯರನನ್ನು ಕಂಡೆ. ಮುದುಕರು ಈಗ ತಾನೇ ಚೇತರಿಸಿಕೊಂಡಿದ್ದಾರೆ, ಅವರನ್ನು ಇನ್ನು ಕಾಡಿಸಬೇಡಿ ಟೀಚರ್ ಎಂದ. ಇನ್ನೂ ಎರಡು ಸಲ ಆ ಮನೆಗೆ ಒಬ್ಬಳೇ ಹೋದೆ. ಎರಡನೆಯ ಸಲ ಸೊಸೆ ಅವರು ಮಲಗಿದ್ದಾರೆ ಎಂದಳು. ಒಳಗಿನಿಂದ ರೇಡಿಯೊ, ಅವರ ನಗು ಕೇಳುತ್ತಿತ್ತು.

ಆಗ ಎದೆಲ್ಮಿರಾ ನೋಟ್‌ಬುಕ್ಕಿನ ಬಗ್ಗೆ ಕೇಳಿದಳು. ಕತ್ತಲೆ ಸಮಿತಿಗೆ ಒಂದು ನೋಟ್‌ಬುಕ್ಕು ಇತ್ತಂತೆ, ಅದರಲ್ಲಿ ಇದ್ದೀತು, ಅದು ಯಾರ ಹತ್ತಿರ ಇದೆ? ಅದು ನನ್ನ ಬೀರುವಿನಲ್ಲಿ ಬೆಡ್‌ಶೀಟುಗಳ ಕೆಳಗೆ ಇತ್ತು. ಗೊತ್ತಿಲ್ಲ ಎನ್ನಬಹುದಿತ್ತು. ಒಂದು ವಾರ ಗೊತ್ತಿಲ್ಲ ಎಂದೇ ಹೇಳಿದೆ. ಆ ವಾರ ಬೀದಿಯಲ್ಲಿ ಯಾರ ಹೆಜ್ಜೆ ಕೇಳಿದರೂ ಪರದೆಯ ಹತ್ತಿರ ಹೋಗುತ್ತಿದ್ದೆ. ಕೊನೆಗೆ ನಾನೇ ಅದನ್ನು ಪೇಪರಿನಲ್ಲಿ ಸುತ್ತಿಕೊಂಡು ಅವಳ ಮನೆಗೆ ಹೋದೆ. ಚಿಲೋಟೆಗಳ ಆ ಕೇರಿಗೆ ನಾನು ಹೋದದ್ದು ಅದೇ ಮೊದಲು, ಇಷ್ಟು ವರ್ಷಗಳಲ್ಲಿ.

ಅವಳು ಅಡಿಗೆಮನೆಯ ಮೇಜಿನ ಮೇಲೆ ಅದನ್ನು ಬಿಚ್ಚಿದಳು. ಹಾಳೆ ತಿರುವುತ್ತ ಹೋದಳು. ಡಿಸೆಂಬರ್ ಇಪ್ಪತ್ತರ ಹಾಳೆಯಲ್ಲಿ ನಿಂತಳು. ಅಲ್ಲಿ ಬರೆದದ್ದು ಇಷ್ಟು: ರೊಸೆಂದೊ ಕಾರ್ಕಮೊ ಎಂಬ ವಿದೇಶೀಯನನ್ನು ಗಡಿಯಲ್ಲಿ ಬಿಡಲಾಯಿತು. ಅದರ ಹಿಂದಿನ ಹಾಳೆಗಳಲ್ಲಿ ಮೂರು ಸಲ: ದಡದಲ್ಲಿ ಬೆಳಕು, ಬಿಟ್ಟು ಬಿಟ್ಟು.

ಅವಳ ಬೆರಳು ಆ ಸಾಲಿನ ಮೇಲೆ ನಿಧಾನವಾಗಿ ಹೋಯಿತು. ಅಕ್ಷರ ಕಲಿಯುವ ಮಕ್ಕಳು ಹಾಗೆ ಬೆರಳು ಆಡಿಸುತ್ತಾರೆ. ದೊಡ್ಡ ಅಕ್ಷರದ ಬಾಲವನ್ನು ಮೇಲಕ್ಕೆತ್ತಿ ಸುತ್ತಿಸುವ ಒಂದು ರೀತಿ ನನ್ನದು. ಅವಳದೂ ಅದೇ. ಗೋಡೆಗೆ ಅಂಟಿಸಿದ ಅವಳ ಸಾಮಾನಿನ ಪಟ್ಟಿಯಲ್ಲಿಯೂ ಅದೇ ಬಾಲಗಳು ಇದ್ದವು.

"ಈ ಅಕ್ಷರ ನಿಮ್ದು," ಎಂದಳು.

ಹೌದು ಎಂದೆ. ಬೆಳಕು ಕಂಡವಳೂ ನಾನೇ ಎಂದೆ. ನಿನ್ನ ಟೋಪಿಯಿಂದ ಏನೂ ಆಗಲಿಲ್ಲ ಎಂದೆ.

ಅವಳು ತಲೆ ಎತ್ತಲಿಲ್ಲ. ಗೇಟಿನ ಹೆಸರು ಯಾಕೆ ಬರೆದಿಲ್ಲ, ಅವರು ಹೇಳಲಿಲ್ಲವೇ ಎಂದು ಕೇಳಿದಳು. ಇಡೀ ಜೀವನದಲ್ಲಿ ನಾನು ಹೆದರಿದ್ದು ಈ ಒಂದು ಪ್ರಶ್ನೆಗೆ. ಅವರು ಹೇಳಿದ್ದರು. ಟ್ರಕ್ಕಿನಿಂದ ಇಳಿದು ನೇರ ಶಾಲೆಗೆ ಬಂದು, ಬರೆದುಕೋ ಎಂದು, ಗೇಟಿನ ಹೆಸರು ಹೇಳಿದ್ದರು. ಪೆನ್ನು ಹಿಡಿದವಳು ನಾನು ಯೋಚಿಸಿದೆ: ನಾಳೆ ಯಾರಾದರೂ ಕೇಳಿದರೆ? ಠಾಣೆಯಲ್ಲದ ಜಾಗದ ಹೆಸರು ನನ್ನ ಅಕ್ಷರದಲ್ಲಿ ಯಾಕೆ ಇರಬೇಕು? ಗಡಿಯಲ್ಲಿ ಎಂದು ಬರೆದೆ. ಗಡಿಯಲ್ಲಿ ಎಂದರೆ ಸುಳ್ಳಲ್ಲ. ಬಿಡಲಾಯಿತು ಎಂದರೆ ಬಿಟ್ಟವರು ಯಾರೂ ಇಲ್ಲ. ಆ ವಾಕ್ಯ ಬರೆದು ಮುಗಿಸಿದಾಗ ನನಗೆ ಒಂದು ಬಗೆಯ ತೃಪ್ತಿಯಾಗಿತ್ತು ಎಂಬುದೂ ನೆನಪಿದೆ. ಗೇಟಿನ ಹೆಸರು ನೆನಪಿಲ್ಲ. ಅದು ಹೆಂಗಸಿನ ಹೆಸರು ಎಂಬುದು ಮಾತ್ರ ನೆನಪಿದೆ. ಕುರಿ ಎಸ್ಟೇಟಿನ ಒಡೆಯರು ಅರ್ಧಕ್ಕರ್ಧ ಜನ ಹೆಂಡತಿಯರ ಹೆಸರಿಟ್ಟಿರುತ್ತಾರೆ.

ಇದನ್ನೆಲ್ಲ ಅವಳಿಗೆ ಹೇಳಿದೆ. ಒಂದು ಮಾತೂ ಬಿಡಲಿಲ್ಲ. ಹೇಳಿ ಮುಗಿಸಿದಾಗ ದೋನ್ ಎವಾರಿಸ್ತೊಗೆ ಆದಂತೆ ನನಗೂ ಎದೆ ಹಗುರವಾಗುತ್ತಿರುವುದು ಗೊತ್ತಾಯಿತು. ನಾಚಿಕೆಯಾಯಿತು. ಅವಳು ಎದ್ದು ಹೋಗಿ ನಲ್ಲಿ ಬಿಟ್ಟು, ಏನೂ ತೊಳೆಯದೆ, ನಿಲ್ಲಿಸಿದಳು.

"ನೋಡಿದ್ರೆ ನೆನಪಾಗುತ್ತಾ?" ಎಂದು ಕೇಳಿದಳು.

ಆಗಬಹುದು ಎಂದೆ.

ಫೆಬ್ರವರಿಯ ಮೊದಲ ಭಾನುವಾರ ನನ್ನ ಹಳೆಯ ಕಾರಿನಲ್ಲಿ ಗಡಿಯ ಮಣ್ಣುರಸ್ತೆ ಹಿಡಿದು ಹೊರಟೆವು. ಹೆಂಗಸಿನ ಹೆಸರಿನ ಗೇಟುಗಳು ಹತ್ತು, ಯಾರಿಗೂ ಹೆಸರು ಗೊತ್ತಿಲ್ಲದ ಹಳೆಯದು ಒಂದು, ಹೀಗೆ ಹನ್ನೊಂದು ಇವೆ ಎಂದು ಅವಳು ಪಟ್ಟಿ ಮಾಡಿದ್ದಳು. ಒಂದೊಂದು ಗೇಟಿನ ಬಳಿಯೂ ನಿಲ್ಲಿಸುವುದು. ನಾನು ಇಳಿದು, ತಗಡಿನ ಮೇಲಿನ ಹೆಸರನ್ನು ಗಟ್ಟಿಯಾಗಿ ಓದುವುದು. ಲಾ ಫೆಲಿಸಾ. ಸಾಂತಾ ಬ್ರಿಗಿದಾ. ಲಾ ದೊರೊತೆಯಾ. ಓದಿ, ದೋನ್ ಎವಾರಿಸ್ತೊ ಅವರ ಆಗಿನ ದನಿಯಲ್ಲಿ ಅದನ್ನು ಕೇಳಿಸಿಕೊಳ್ಳಲು ನೋಡುವುದು. ಅವಳು ರಸ್ತೆಯನ್ನೂ ನೋಡುತ್ತಿರಲಿಲ್ಲ, ಬೇಲಿಯನ್ನೂ ನೋಡುತ್ತಿರಲಿಲ್ಲ. ನನ್ನ ಮುಖ ನೋಡುತ್ತಿದ್ದಳು. ಪರದೆಯ ಸಂದಿನಿಂದ ನೋಡುತ್ತಿದ್ದವರನ್ನೇ ಯಾರಾದರೂ ಎದುರಿಗೆ ನಿಂತು ನೋಡಿದರೆ ಹೇಗಿರುತ್ತದೆಂದು ಆ ದಿನ ತಿಳಿದುಕೊಂಡೆ. ಎಲ್ಲ ಗೇಟುಗಳೂ ಒಂದೇ ಥರ. ಎರಡು ಕಂಬ, ಐದು ಹಲಗೆ, ಆಚೆ ಒಣಹುಲ್ಲು, ಇನ್ನೂರು ಮೀಟರ್ ದೂರದಲ್ಲಿ ಇನ್ನೊಂದು ಬೇಲಿ. ಅದರಾಚೆ, ಪಶ್ಚಿಮದಿಂದ, ಒಂದು ಧೂಳಿನ ಮೋಡ ನಿಧಾನವಾಗಿ ಈ ಕಡೆಗೆ ಬರುತ್ತಿತ್ತು. ಯಂತ್ರ ಆಗಲೇ ಕೆಲಸ ಶುರು ಮಾಡಿತ್ತು.

ಏಳನೆಯ ಗೇಟು ಲಾ ಕ್ಲೊತಿಲ್ದೆ. ಕಂಬದ ಬುಡದಲ್ಲಿ ಟ್ರಕ್ಕು ತಿರುಗಿಸುವಷ್ಟು ಅಗಲದ ಜಾಗ ಇತ್ತು. ನನಗೆ ದಣಿವಾಗಿತ್ತು. ಅವಳ ಕೈಯಲ್ಲಿ ಮಾಟೆ ಸೊಪ್ಪಿನ ಒಂದು ಡಬ್ಬಿ ಇತ್ತು, ಬಾಗಿಲು ಕತ್ತರಿಸಿದ್ದು, ಹೊಸದು. ಆರು ಗೇಟುಗಳ ಬಳಿ ಅದನ್ನು ತೊಡೆಯ ಮೇಲಿಟ್ಟುಕೊಂಡೇ ಕುಳಿತಿದ್ದಳು. ಯಾವುದಾದರೂ ಒಂದು ಜಾಗದಲ್ಲಿ ಅದನ್ನು ಇಡಲಿ ಎನ್ನಿಸಿತು. ಎಲ್ಲಾದರೇನು, ಬೇಲಿಯ ಆಚೆ ಎಲ್ಲ ಒಂದೇ ಹುಲ್ಲು.

"ಇದೇ ಅನ್ಸುತ್ತೆ," ಎಂದೆ. "ಹೌದು. ಇದೇ."

ಎದೆಲ್ಮಿರಾ ಕಾರಿನಿಂದ ಇಳಿದಳು. ಗೇಟಿನ ಮೇಲೆ ಕೈ ಇಟ್ಟು ಸ್ವಲ್ಪ ಹೊತ್ತು ಆಚೆ ನೋಡಿದಳು. ಆಮೇಲೆ ತಿರುಗಿ ನನ್ನನ್ನು ನೋಡಿದಳು, ಮೂರನೆಯ ತರಗತಿಯಲ್ಲಿ ಬೋರ್ಡಿನ ಮೇಲೆ ನಾನು ತಪ್ಪು ಬರೆದಾಗ ನೋಡುತ್ತಿದ್ದ ಹಾಗೆ, ಕೈ ಎತ್ತಲೋ ಬೇಡವೋ ಎಂಬಂತೆ.

"ಇನ್ನೂ ನಾಲ್ಕು ಗೇಟಿದೆ ಟೀಚರ್," ಎಂದಳು. ಡಬ್ಬಿಯನ್ನು ಕಂಕುಳಿಗೆ ಸೇರಿಸಿಕೊಂಡು ಬಂದು ಕುಳಿತಳು.

ನಾಲ್ಕನ್ನೂ ನೋಡಿದೆವು. ಮೂರರ ಬಳಿ ಇಳಿದು ಹೆಸರನ್ನು ಗಟ್ಟಿಯಾಗಿ ಓದಿದೆ. ಕೊನೆಯದರ ತಗಡು ತುಕ್ಕು ಹಿಡಿದು ಅಕ್ಷರ ಉದುರಿಹೋಗಿತ್ತು, ಅದನ್ನು ಓದಲಾಗಲಿಲ್ಲ. ವಾಪಸು ಬರುವಾಗ ಗಾಳಿ ತಿರುಗಿ ಯಂತ್ರದ ಧೂಳು ರಸ್ತೆಗೆ ಬಂತು. ನಾನು ಅಭ್ಯಾಸಬಲದಿಂದ ಗಾಜು ಏರಿಸಲು ಹಿಡಿಗೆ ಕೈ ಹಾಕಿದೆ. ಅವಳು ನನ್ನ ಕೈಯನ್ನು ನೋಡಿದಳು. ಗಾಜು ಇದ್ದ ಹಾಗೆಯೇ ಬಿಟ್ಟೆ. ಧೂಳು ಒಳಗೆ ಬಂತು. ಮನೆ ಮುಟ್ಟುವವರೆಗೂ ಅದು ನಮ್ಮ ಬಾಯಲ್ಲಿ, ಮಡಿಲಲ್ಲಿ, ಆ ಡಬ್ಬಿಯೊಳಗೆ ಕೂರುತ್ತಲೇ ಇತ್ತು.